ದಿಲ್ಲಿಯನ್ನು ಚಿತ್ರದಲ್ಲಿ ಹಿಡಿಯುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ನಮ್ಮ ಹಿರಿಯರು. ಈ ಕಾಲದವರು ಅದಕ್ಕೆ ಮೂರನೆಯದೊಂದನ್ನು ಸೇರಿಸಿದ್ದಾರೆ: ಸುತ್ತಿದ ಕಡೆಯಲ್ಲೆಲ್ಲ ಚಿತ್ರ ತೆಗೆಯಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಕಣ್ಣು ಕಂಡುದನ್ನು ಮನಸ್ಸು ಮರೆಯುತ್ತದೆ, ಚಿತ್ರವು ಮರೆಯದು. ಆದರೆ ಚಿತ್ರ ತೆಗೆಯುವವನು ನೋಡದೆ ಹೋದುದನ್ನು ಅವನ ಚಿತ್ರ ತಾನಾಗಿ ನೋಡಿ ಹೇಳುತ್ತದೆಯೆಂದು ನಂಬಿದರೆ ಮಾತ್ರ ಮೋಸಹೋಗಬೇಕಾಗುತ್ತದೆ. ಕಳೆದ ಡಿಸೆಂಬರಿನ ರಜೆಯಲ್ಲಿ ನಮ್ಮ ಶಾಲೆಯ ಮೂವತ್ತೆರಡು ವಿದ್ಯಾರ್ಥಿಗಳೊಡನೆ ದಿಲ್ಲಿಯ ಪ್ರವಾಸ ಮುಗಿಸಿ ಮುಂಬಯಿಗೆ ಮರಳಿದಾಗ ಈ ಮಾತು ನನಗೆ ಚೆನ್ನಾಗಿ ಮನವರಿಕೆಯಾಯಿತು. ನಾಲ್ಕು ದಿನಗಳಲ್ಲಿ ನಮ್ಮವರು ತೆಗೆದ ಚಿತ್ರಗಳು ಎರಡು ಸಾವಿರವನ್ನು ಮೀರಿದ್ದುವು.

ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ತಂದೆ ಈ ನಗರದ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವವರು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವುದನ್ನು ಬಿಟ್ಟರೆ ಬೇರೆ ಪ್ರವಾಸವನ್ನು ಅವರು ಕಂಡವರಲ್ಲ. ಮಗನು ದಿಲ್ಲಿಯಿಂದ ಮರಳಿದ ರಾತ್ರಿ, ಕೆಲಸ ಮುಗಿಸಿ ಬಂದ ಅವರು ಅವನ ಮೊಬೈಲು ಫೋನಿನಲ್ಲಿದ್ದ ಚಿತ್ರಗಳನ್ನು ಒಂದನ್ನೂ ಬಿಡದೆ ನೋಡಿದರಂತೆ. ಚಿತ್ರಗಳಲ್ಲೆಲ್ಲ ಮಗನ ಮುಖ, ಅವನ ಗೆಳೆಯರ ಮುಖ. ಅವರ ತಲೆಗಳ ಸಂದಿನಲ್ಲಿ ಕುತುಬ್ ಮಿನಾರಿನ ಒಂದು ತುಣುಕು. ತಂದೆ ಕೇಳಿದರು: "ಎಷ್ಟು ಎತ್ತರ ಇತ್ತು ಮಗಾ, ಅದು?" ಮಗನು ಫಲಕದಲ್ಲಿ ಓದಿದ್ದುದನ್ನು ನೆನೆದು, "ಎಪ್ಪತ್ತೆರಡೂವರೆ ಮೀಟರು ಅಪ್ಪಾ" ಎಂದನು. "ಹಾಗಂದರೆ ಎಷ್ಟು?" ಎಂದು ತಂದೆ ಮತ್ತೆ ಕೇಳಿದರು. ಹುಡುಗನಲ್ಲಿ ಉತ್ತರವಿರಲಿಲ್ಲ. ಅವನ ಇನ್ನೂರು ಚಿತ್ರಗಳಲ್ಲಿಯೂ ಇರಲಿಲ್ಲ.

ಮರುದಿನ ಅವನೇ ಬಂದು ಇದನ್ನು ನನಗೆ ಹೇಳಿದನು. ಅಲ್ಲಿಗೆ ಹೋಗಲಾರದವರಿಗೂ ಆ ಸ್ಥಳವನ್ನು ತೋರಿಸಬಲ್ಲ ಚಿತ್ರವೇ ಒಳ್ಳೆಯ ಪ್ರವಾಸ ಚಿತ್ರವೆಂದು ನಾನು ಬಗೆದಿದ್ದೇನೆ. ಅಂತಹ ಚಿತ್ರಕ್ಕೆ ಬೆಲೆಬಾಳುವ ಯಂತ್ರವೇನೂ ಬೇಡ. ಬೆಳಕು ಎತ್ತಣಿಂದ ಬರುತ್ತಿದೆ, ನಾವು ಎಲ್ಲಿ ನಿಂತಿದ್ದೇವೆ, ಏನನ್ನು ತೋರಿಸಬೇಕೆಂದಿದ್ದೇವೆ ಎಂಬ ಮೂರು ಪ್ರಶ್ನೆಗಳನ್ನು ಗುಂಡಿ ಒತ್ತುವ ಮೊದಲು ಕೇಳಿಕೊಂಡರೆ ಸಾಕು. ಮುಂದಿನ ಪ್ರವಾಸಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳಿಗೆ ಪ್ರಯೋಜನವಾಗಲೆಂದು, ದಿಲ್ಲಿಯ ಕೆಲವು ಸ್ಮಾರಕಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಸಂಗತಿಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಬೆಳಕಿನ ವಿಚಾರ. ಛಾಯಾಚಿತ್ರವೆಂಬ ಹೆಸರಿನಲ್ಲಿ ಛಾಯೆ ಇದ್ದರೂ ಅದನ್ನು ಬರೆಯುವುದು ಬೆಳಕೇ. ಸೂರ್ಯನು ನಮ್ಮ ಬೆನ್ನ ಹಿಂದೆ ಇದ್ದರೆ ಎದುರಿನ ಕಟ್ಟಡ ಬೆಳಗುತ್ತದೆ. ಕಟ್ಟಡದ ಹಿಂದೆ ಇದ್ದರೆ ಅದರ ಮುಖ ಕಪ್ಪಾಗಿ ಆಕಾಶ ಬೆಳ್ಳಗಾಗುತ್ತದೆ. ಇದು ಎಲ್ಲರಿಗೂ ತಿಳಿದ ಮಾತು. ಆದರೆ ಯಾವ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆಯೆಂದು ಹೊರಡುವ ಮೊದಲೇ ನಕ್ಷೆಯಲ್ಲಿ ನೋಡಿಕೊಳ್ಳುವವರು ಎಷ್ಟು ಮಂದಿ? ಶಾಹಜಹಾನನು 1639ರಿಂದ 1648ರ ವರೆಗೆ ಕಟ್ಟಿಸಿದ ಕೆಂಪು ಕೋಟೆಯ ಲಾಹೋರ್ ದರವಾಜೆಯು ಪಶ್ಚಿಮಕ್ಕೆ, ಎಂದರೆ ಚಾಂದನಿ ಚೌಕದತ್ತ, ಮುಖ ಮಾಡಿದೆ. ಬೆಳಗ್ಗೆ ಅಲ್ಲಿಗೆ ಹೋದವನಿಗೆ ಕೆಂಪು ಕಲ್ಲಿನ ಕೋಟೆ ಕಪ್ಪು ಗೋಡೆಯಾಗಿ ಕಾಣುತ್ತದೆ. ಮಧ್ಯಾಹ್ನ ಮೂರು ಗಂಟೆಯ ತರುವಾಯ ಹೋದರೆ ಅದೇ ಗೋಡೆ ಕೆಂಡದಂತೆ ಹೊಳೆಯುತ್ತದೆ. ಹುಮಾಯೂನನ ಸಮಾಧಿಯ ವಿಷಯವೂ ಹೀಗೆಯೇ. ಪ್ರೇಕ್ಷಕರು ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕು ಪೂರ್ವಾಭಿಮುಖವಾಗಿ ಸಮಾಧಿಯನ್ನು ನೋಡುವುದರಿಂದ, ಬೆಳಗಿನ ಸೂರ್ಯ ಗುಮ್ಮಟದ ಹಿಂದಿರುತ್ತಾನೆ, ಸಂಜೆಯ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ.

ಹೊಸದಿಲ್ಲಿಯ ನಡುವೆ ಹಾಯುವ ಕರ್ತವ್ಯ ಪಥವು, ಎಂದರೆ 2022ರ ವರೆಗೆ ರಾಜಪಥವೆನಿಸಿಕೊಂಡಿದ್ದ ಹೆದ್ದಾರಿಯು, ಪೂರ್ವ ಪಶ್ಚಿಮವಾಗಿ ಮಲಗಿದೆ. ಅದರ ಪಶ್ಚಿಮದ ತುದಿಯಲ್ಲಿ ರೈಸಿನಾ ಗುಡ್ಡದ ಮೇಲೆ ರಾಷ್ಟ್ರಪತಿ ಭವನ. ಪೂರ್ವದ ತುದಿಯಲ್ಲಿ ಇಂಡಿಯಾ ಗೇಟು. ಆದುದರಿಂದ ಬೆಳಗ್ಗೆ ಪಶ್ಚಿಮಕ್ಕೆ ತಿರುಗಿ ಭವನವನ್ನೂ, ಸಂಜೆ ಪೂರ್ವಕ್ಕೆ ತಿರುಗಿ ಗೇಟನ್ನೂ ತೆಗೆಯುವುದು ಯುಕ್ತ. ನಮ್ಮ ತಂಡವು ಇದಕ್ಕೆ ನೇರ ವಿರುದ್ಧವಾಗಿ ನಡೆದುಕೊಂಡಿತೆಂದು ಒಪ್ಪಿಕೊಳ್ಳಬೇಕು. ಬಸ್ಸಿನವನು ಒಯ್ದ ಕಡೆಗೆ ಹೋದೆವು. ಕಾರ್ಯಕ್ರಮವನ್ನು ಸೂರ್ಯನೊಡನೆ ಕೂಡಿ ಗೊತ್ತುಮಾಡಿಕೊಳ್ಳಬೇಕೆಂಬುದು ಆಗ ಹೊಳೆಯಲಿಲ್ಲ.

ಚಳಿಗಾಲದಲ್ಲಿ ಹೋಗುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ದಿಲ್ಲಿಯು ಮುಂಬಯಿಗಿಂತ ಉತ್ತರದಲ್ಲಿದೆ. ಡಿಸೆಂಬರಿನ ಕಡೆಯ ವಾರದಲ್ಲಿ ನಡುಹಗಲಿನ ಸೂರ್ಯ ಮುಂಬಯಿಯಲ್ಲಿ ದಿಗಂತದಿಂದ ಸುಮಾರು 48 ಡಿಗ್ರಿ ಎತ್ತರಕ್ಕೆ ಏರಿದರೆ, ದಿಲ್ಲಿಯಲ್ಲಿ 38 ಡಿಗ್ರಿಯಷ್ಟೇ ಏರುತ್ತಾನೆ. ಹೀಗೆ ದಕ್ಷಿಣದಲ್ಲಿಯೇ ವಾಲಿಕೊಂಡು ನಡೆಯುವ ಸೂರ್ಯನಿಂದ ಕಟ್ಟಡಗಳ ದಕ್ಷಿಣದ ಮುಖಕ್ಕೆ ದಿನವೆಲ್ಲ ಬಿಸಿಲು. ಉತ್ತರದ ಮುಖಕ್ಕೆ ದಿನವೆಲ್ಲ ನೆರಳು. ಮಂಜು ಕವಿದ ಮುಂಜಾನೆಗಳಲ್ಲಿ ಹತ್ತು ಗಂಟೆಯಾದರೂ ಬಿಸಿಲು ಕಾಣದಿರುವುದುಂಟು. ಅಂತಹ ದಿನ ದೂರದ ನೋಟಗಳ ಗೊಡವೆಗೆ ಹೋಗದೆ, ಹತ್ತಿರದ ಕೆತ್ತನೆಗಳನ್ನೂ ಜಾಲಂಧ್ರಗಳನ್ನೂ ತೆಗೆಯುವುದು ಜಾಣತನ.

ಕೆತ್ತನೆಯ ಮಾತು ಬಂದುದರಿಂದ ಹೇಳುತ್ತೇನೆ: ಉಬ್ಬು ತಗ್ಗುಗಳನ್ನು ತೋರಿಸಬೇಕಾದರೆ ಬೆಳಕು ಎದುರಿನಿಂದಲ್ಲ, ಪಕ್ಕದಿಂದ ಬರಬೇಕು. ಎದುರಿನ ಬೆಳಕು ಎಲ್ಲವನ್ನೂ ಒಂದೇ ಸಮನೆ ಬೆಳಗಿ ಕಲ್ಲನ್ನು ಕಾಗದದಂತೆ ಚಪ್ಪಟೆಯಾಗಿಸುತ್ತದೆ. ಪಕ್ಕದ ಬೆಳಕು ಪ್ರತಿಯೊಂದು ಉಬ್ಬಿಗೂ ಒಂದು ಸಣ್ಣ ನೆರಳನ್ನು ಕೊಟ್ಟು ಅದನ್ನು ಎತ್ತಿ ತೋರಿಸುತ್ತದೆ. ಕುತುಬ್ ಮಿನಾರಿನ ಮೊದಲನೆಯ ಅಂತಸ್ತಿನ ಮೈಯಲ್ಲಿ ಒಂದು ಕೋನಾಕಾರದ ಏಣು, ಒಂದು ದುಂಡನೆಯ ಏಣು, ಹೀಗೆ ಸರದಿಯಾಗಿ ಬಂದಿವೆ. ಎರಡನೆಯ ಅಂತಸ್ತಿನಲ್ಲಿ ದುಂಡನೆಯವು ಮಾತ್ರ. ಮೂರನೆಯದರಲ್ಲಿ ಕೋನದವು ಮಾತ್ರ. ಪ್ರವಾಸದಿಂದ ಬಂದ ಮೇಲೆ ತರಗತಿಯಲ್ಲಿ ಇದನ್ನು ಕೇಳಿದಾಗ ಮೂವತ್ತೆರಡು ಜನರಲ್ಲಿ ಇಬ್ಬರಿಗೆ ಮಾತ್ರ ನೆನಪಿತ್ತು. ಮಿನಾರಿನ ಮುಂದೆ ನಿಂತು ಅದಕ್ಕೆ ಬೆನ್ನು ತಿರುಗಿಸಿ ನಗುವ ನಮಗೆ ಅದು ಕಾಣುವುದಾದರೂ ಹೇಗೆ?

ಇನ್ನು ನಿಲ್ಲುವ ಸ್ಥಳದ ವಿಚಾರ. ಕುತುಬ್ ಮಿನಾರನ್ನು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕುತ್ಬುದ್ದೀನ್ ಐಬಕನು ಪ್ರಾರಂಭಿಸಿದನು. ಅವನ ಅನಂತರ ಇಲ್ತುಮಿಷನು ಮುಂದುವರಿಸಿದನು. 1368ರಲ್ಲಿ ಸಿಡಿಲು ಬಡಿದು ಕೆಟ್ಟ ಮೇಲ್ಭಾಗವನ್ನು ಫಿರೋಜ್ ಷಾ ತುಘಲಕನು ಅಮೃತಶಿಲೆಯನ್ನೂ ಬಳಸಿ ಮತ್ತೆ ಕಟ್ಟಿಸಿದನು. ಬುಡದಲ್ಲಿ 14 ಮೀಟರಿಗೂ ಮಿಕ್ಕ ಅಗಲವಿರುವ ಈ ಗೋಪುರವು ತುದಿಯಲ್ಲಿ ಮೂರು ಮೀಟರಿಗಿಂತ ಕಡಮೆಯಾಗಿದೆ. ಎಂದರೆ ಅದು ಸ್ವಭಾವತಃ ಮೇಲೆ ಮೇಲೆ ಕಿರಿದಾಗುತ್ತ ಹೋಗುವ ಕಟ್ಟಡ. ನಾವು ಅದರ ಹತ್ತಿರ ನಿಂತು, ಫೋನನ್ನು ಹಿಂದಕ್ಕೆ ವಾಲಿಸಿ ಚಿತ್ರ ತೆಗೆದಾಗ ಅದು ಇನ್ನಷ್ಟು ಮೊನಚಾಗಿ, ಹಿಂದಕ್ಕೆ ಬೀಳುತ್ತಿರುವಂತೆ ತೋರುತ್ತದೆ. ಇದಕ್ಕೆ ಕಾರಣವೇನು? ರೈಲು ಹಳಿಗಳ ನಡುವೆ ದೂರಕ್ಕೆ ದೃಷ್ಟಿ ಹಾಯಿಸಿದರೆ ಅವು ಒಂದನ್ನೊಂದು ಕೂಡುವಂತೆ ಕಾಣುವುದಿಲ್ಲವೆ? ದೂರದ್ದು ಚಿಕ್ಕದಾಗಿ ಕಾಣುವುದೇ ಕಣ್ಣಿನ ನಿಯಮ. ಬುಡದಲ್ಲಿ ನಿಂತವನಿಗೆ ಗೋಪುರದ ತುದಿ ಬುಡಕ್ಕಿಂತ ಬಹಳ ದೂರ. ಕ್ಯಾಮರಾವನ್ನು ವಾಲಿಸಿದೊಡನೆ ಈ ಭೇದವು ಚಿತ್ರದಲ್ಲಿ ಬಿದ್ದು, ನೆಟ್ಟಗಿರುವ ಗೋಡೆಗಳು ಒಂದರ ಕಡೆಗೊಂದು ಬಾಗುತ್ತವೆ. ಕ್ಯಾಮರಾದ ಬೆನ್ನು ಕಟ್ಟಡಕ್ಕೆ ಸಮಾನಾಂತರವಾಗಿ ನೆಟ್ಟಗಿದ್ದರೆ ಗೋಡೆಗಳೂ ನೆಟ್ಟಗಿರುತ್ತವೆ.

ಹಾಗಾದರೆ ವಾಲಿಸದೆ ಇಡೀ ಮಿನಾರನ್ನು ಹಿಡಿಯಲು ಎಷ್ಟು ದೂರ ನಿಲ್ಲಬೇಕು? ಇದು ಹತ್ತನೆಯ ತರಗತಿಯ ಲೆಕ್ಕ. ಇಂದಿನ ಮೊಬೈಲು ಫೋನುಗಳ ಸಾಮಾನ್ಯ ಮಸೂರವು, ಫೋನನ್ನು ನೆಟ್ಟಗೆ ಹಿಡಿದಾಗ, ನೂರು ಮೀಟರು ದೂರದಲ್ಲಿ ನಮ್ಮ ಕಣ್ಣಿನ ಮಟ್ಟದಿಂದ ಮೇಲಕ್ಕೆ ಸುಮಾರು 66 ಮೀಟರನ್ನು ಕಾಣುತ್ತದೆ. ಮಿನಾರಿನ ಎತ್ತರ 72.5 ಮೀಟರು. ಕಣ್ಣಿನ ಮಟ್ಟವನ್ನು ಕಳೆದರೆ 71. ಆದುದರಿಂದ ಸುಮಾರು 110 ಮೀಟರು ಹಿಂದಕ್ಕೆ ನಡೆಯಬೇಕು. ಅಲ್ಲಿಂದ ತೆಗೆದ ಚಿತ್ರದ ಕೆಳಗಿನ ಅರ್ಧ ಬರಿಯ ನೆಲವೇ ಆಗಿರುತ್ತದೆ, ನಿಜ. ಬೇಡವಾದುದನ್ನು ಆಮೇಲೆ ಕತ್ತರಿಸಬಹುದು. ನೂರ ಹತ್ತು ಮೀಟರೆಂದರೆ ನೂರೈವತ್ತು ಹೆಜ್ಜೆ. ಒಳ್ಳೆಯ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ಇರುವ ಅಂತರ ಅನೇಕ ವೇಳೆ ಇಷ್ಟೇ: ಹಿಂದಕ್ಕೆ ನಡೆಯಲು ಬೇಸರಪಡದ ಕಾಲುಗಳು.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಚಿತ್ರದಲ್ಲಿ ಎತ್ತರವನ್ನು ತೋರಿಸುವುದು ಹೇಗೆ? ಅಳತೆಗೋಲಿಲ್ಲದೆ ಎತ್ತರವಿಲ್ಲ, ಎಲ್ಲರಿಗೂ ಗೊತ್ತಿರುವ ಅಳತೆಗೋಲು ಮನುಷ್ಯನೇ. ಆದರೆ ಅವನು ಎಲ್ಲಿ ನಿಲ್ಲಬೇಕೆಂಬುದು ಮುಖ್ಯ. ಒಂದೂವರೆ ಮೀಟರು ಎತ್ತರದ ಹುಡುಗನು ಮಿನಾರಿನ ಬುಡದಲ್ಲಿ ನಿಂತರೆ, ಚಿತ್ರದಲ್ಲಿ ಅವನು ಅದರ ನಲ್ವತ್ತೆಂಟನೆಯ ಒಂದು ಪಾಲಾಗಿ ಕಾಣುತ್ತಾನೆ. ಅದೇ ಹುಡುಗನು ಕ್ಯಾಮರಾದಿಂದ ಎರಡೇ ಮೀಟರು ದೂರದಲ್ಲಿ ನಿಂತು, ಮಿನಾರು ನೂರ ಹತ್ತು ಮೀಟರು ಹಿಂದಿದ್ದರೆ? ಎತ್ತರವನ್ನು ದೂರದಿಂದ ಭಾಗಿಸಿ ನೋಡಿರಿ: ಹುಡುಗನದು ಮುಕ್ಕಾಲು, ಮಿನಾರಿನದು ಮೂರನೆಯ ಎರಡು ಪಾಲು. ಚಿತ್ರದಲ್ಲಿ ಹುಡುಗನೇ ಮಿನಾರಿಗಿಂತ ಎತ್ತರ! ನಮ್ಮ ಎರಡು ಸಾವಿರ ಚಿತ್ರಗಳಲ್ಲಿ ಬಹುಪಾಲು ಇಂತಹವೇ. ಮಿನಾರನ್ನು ಎರಡು ಬೆರಳುಗಳ ನಡುವೆ ಹಿಡಿದಂತೆ ತೋರುವ ವಿನೋದ ಚಿತ್ರಗಳೂ ಇದೇ ನಿಯಮದ ಮೇಲೆ ನಿಂತಿವೆ. ವಿನೋದವು ಬೇಡವೆಂದು ನಾನು ಹೇಳುವುದಿಲ್ಲ. ಅದೊಂದು ಇರಲಿ, ಅದರ ಜೊತೆಗೆ ನಿಜವಾದ ಅಳತೆಯದೊಂದು ಇರಲಿ.

ನಿಲ್ಲುವ ಸ್ಥಳವು ಎಂತಹ ಮಹತ್ವದ್ದೆಂಬುದಕ್ಕೆ ಹೊಸದಿಲ್ಲಿಯ ಇತಿಹಾಸದಲ್ಲಿಯೇ ಒಂದು ಸ್ವಾರಸ್ಯವಾದ ಸಾಕ್ಷ್ಯವಿದೆ. 1911ರ ಡಿಸೆಂಬರ್ 12ರಂದು ದಿಲ್ಲಿಯ ದರ್ಬಾರಿನಲ್ಲಿ ಭಾರತದ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ಒಯ್ಯುವುದಾಗಿ ಸಾರಲಾಯಿತು. ಹೊಸ ನಗರದ ಶಿಲ್ಪಿಗಳಲ್ಲಿ ಎಡ್ವಿನ್ ಲಟ್ಯನ್ಸನು ವೈಸರಾಯರ ಅರಮನೆಯನ್ನೂ, ಹರ್ಬರ್ಟ್ ಬೇಕರನು ಅದರ ಮುಂದಿನ ಎರಡು ಸಚಿವಾಲಯಗಳನ್ನೂ ಯೋಜಿಸಿದರು. ಗುಡ್ಡವನ್ನೇರುವ ದಾರಿಯ ಇಳಿಜಾರಿಗೆ ಇಬ್ಬರೂ ಮೊದಲಲ್ಲಿ ಒಪ್ಪಿದ್ದರು. ಆದರೆ ಅರಮನೆಯತ್ತ ನಡೆದು ಬರುವವನಿಗೆ ಗುಡ್ಡದ ಬುಡ ಸಮೀಪಿಸಿದಂತೆಲ್ಲ ಏರುದಾರಿಯೇ ಅಡ್ಡವಾಗಿ, ಅರಮನೆ ಮರೆಯಾಗಿ, ಗುಮ್ಮಟ ಮಾತ್ರ ಉಳಿಯುತ್ತದೆಂಬುದು ಲಟ್ಯನ್ಸನಿಗೆ ತಡವಾಗಿ ಅರಿವಾಯಿತು. ಇಳಿಜಾರನ್ನು ಬದಲಾಯಿಸಬೇಕೆಂದು ಅವನು ಬಹಳ ಹೋರಾಡಿ ಸೋತನು. ನೆಪೋಲಿಯನ್ನನು ವಾಟರ್‌ಲೂದಲ್ಲಿ ಸೋತಂತೆ ತಾನು 'ಬೇಕರ್‌ಲೂ'ದಲ್ಲಿ ಸೋತೆನೆಂದು ಅವನು ಹಾಸ್ಯ ಮಾಡಿಕೊಂಡುದು ಪ್ರಸಿದ್ಧವಾಗಿದೆ. ಇಂದಿಗೂ ವಿಜಯ ಚೌಕದಲ್ಲಿ ನಿಂತು ನೋಡುವವರಿಗೆ ಈ ಮಾತು ಕಣ್ಣಾರೆ ಕಾಣುತ್ತದೆ. ಹತ್ತಿರ ಹೋದಷ್ಟೂ ಚೆನ್ನಾಗಿ ಕಾಣುತ್ತದೆಂಬುದು ಎಲ್ಲ ಕಡೆಗೂ ಸಲ್ಲುವ ಮಾತಲ್ಲ. ಇಂಡಿಯಾ ಗೇಟಿನ ಕಡೆಗೆ ಹಿಮ್ಮೆಟ್ಟುತ್ತ ಬಂದು, ಭವನವು ಮತ್ತೆ ಗುಡ್ಡದಿಂದ ಎದ್ದು ಬರುವ ಸ್ಥಳವನ್ನು ಹುಡುಕಿ ಚಿತ್ರ ತೆಗೆಯಬೇಕು.

ಮೂರನೆಯದು ಬೆಳಕಿನ ಅಳತೆ. ಕ್ಯಾಮರಾಗೆ ತನ್ನದೇ ಆದ ಒಂದು ಮೂಢನಂಬಿಕೆಯುಂಟು: ಲೋಕವೆಲ್ಲ ಸರಾಸರಿಯಲ್ಲಿ ನಸುಬೂದಿಯ ಬಣ್ಣದ್ದೆಂದು ಅದು ಭಾವಿಸುತ್ತದೆ. ಆದುದರಿಂದ ಕೆಂಪು ಕೋಟೆಯ ದಿವಾನ್-ಇ-ಖಾಸಿನ ಬಿಳಿಯ ಅಮೃತಶಿಲೆಯನ್ನೇ ತುಂಬಾ ತೋರಿಸಿದರೆ ಅದನ್ನು ಬೂದಿಯಾಗಿಸುತ್ತದೆ. ಹೊಳೆಯುವ ಆಕಾಶವನ್ನು ಹೆಚ್ಚಾಗಿ ತೋರಿಸಿದರೆ ಅದನ್ನು ತಗ್ಗಿಸಹೋಗಿ ಕಟ್ಟಡವನ್ನು ಕತ್ತಲೆಗೆ ನೂಕುತ್ತದೆ. ಹುಮಾಯೂನನ ಸಮಾಧಿಯ ಬಾಗಿಲ ಕಮಾನಿನೊಳಗಿಂದ ಗುಮ್ಮಟವನ್ನು ನೋಡುವುದು ಮನೋಹರವಾದ ದೃಶ್ಯ. ಬೇಗಾ ಬೇಗಮಳು ತನ್ನ ಪತಿಗಾಗಿ 1560ರ ದಶಕದಲ್ಲಿ ಕಟ್ಟಿಸಲಾರಂಭಿಸಿದ ಈ ಸಮಾಧಿಯಲ್ಲಿ ಕೆಂಪು ಕಲ್ಲಿನ ಮೈ, ಬಿಳಿಯ ಅಮೃತಶಿಲೆಯ ಗುಮ್ಮಟ, ಸುತ್ತಲೂ ನಾಲ್ಕು ಪಾಲಾಗಿ ಹಂಚಿದ ಉದ್ಯಾನ. ಆದರೆ ಕಮಾನು ನೆರಳಿನಲ್ಲಿದೆ, ಸಮಾಧಿ ಬಿಸಿಲಿನಲ್ಲಿದೆ, ಯಂತ್ರಕ್ಕೆ ಗೊಂದಲ. ಆಗ ಫೋನಿನ ಪರದೆಯಲ್ಲಿ ಗುಮ್ಮಟ ಕಾಣುವ ಕಡೆ ಬೆರಳಿನಿಂದ ಮುಟ್ಟಿದರೆ ಅದು ಗುಮ್ಮಟಕ್ಕೆ ತಕ್ಕಂತೆ ಬೆಳಕನ್ನು ಅಳೆದುಕೊಳ್ಳುತ್ತದೆ. ಕಮಾನು ಕಪ್ಪು ಚೌಕಟ್ಟಾಗಿ ಉಳಿಯುತ್ತದೆ; ಅದೇ ಅದರ ಸೊಗಸು. 1857ರಲ್ಲಿ ಕೊನೆಯ ಮೊಗಲ ಬಾದಶಹ ಬಹಾದುರ್ ಷಾನು ಸೆರೆಸಿಕ್ಕುದು ಈ ಆವರಣದಲ್ಲಿಯೇ ಎಂಬುದನ್ನು ನೆನೆದು ನೋಡಿದರೆ, ಆ ಕಪ್ಪು ಚೌಕಟ್ಟಿಗೆ ಇನ್ನೂ ಒಂದು ಅರ್ಥ ಬರುತ್ತದೆ.

ವಿಜ್ಞಾನದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಜಂತರ್ ಮಂತರಿನಲ್ಲಿ ಒಂದು ಪ್ರಯೋಗವನ್ನು ಸೂಚಿಸುತ್ತೇನೆ. ಜಯಪುರದ ಸವಾಯಿ ಜಯಸಿಂಹನು 1724ರಲ್ಲಿ ಕಟ್ಟಿಸಿದ ಈ ವೇಧಶಾಲೆಯ ಸಮ್ರಾಟ್ ಯಂತ್ರವೆಂದರೆ ಒಂದು ಮಹಾ ನೆರಳುಗಡಿಯಾರ. ಅದರ ಓರೆಯಾದ ಗೋಡೆಯ ಅಂಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ಬೆಳಗ್ಗೆ ಆ ಗೋಡೆಯ ನೆರಳು ಪಶ್ಚಿಮದ ಕಮಾನುಪಟ್ಟಿಯ ಮೇಲೆ ಬಿದ್ದು, ಗಂಟೆಗೆ 15 ಡಿಗ್ರಿಯಂತೆ ಇಳಿಯುತ್ತ ಬರುತ್ತದೆ. ಸೂರ್ಯನು ನೆತ್ತಿಯ ರೇಖೆಯನ್ನು ದಾಟಿದ ಮೇಲೆ ಪೂರ್ವದ ಪಟ್ಟಿಯನ್ನು ಏರತೊಡಗುತ್ತದೆ. ಒಂದೇ ಸ್ಥಳದಲ್ಲಿ ನಿಂತು ಹತ್ತು ಹತ್ತು ನಿಮಿಷಗಳಿಗೊಮ್ಮೆ ಚಿತ್ರ ತೆಗೆದು, ನೆರಳು ಪಕ್ಕ ಬದಲಿಸಿದ ಗಳಿಗೆಯನ್ನು ಫೋನಿನ ಗಡಿಯಾರದೊಡನೆ ಹೋಲಿಸಿರಿ. ಡಿಸೆಂಬರಿನ ಕೊನೆಯ ವಾರದಲ್ಲಾದರೆ ಅದು ಹನ್ನೆರಡಕ್ಕಲ್ಲ, ಹನ್ನೆರಡು ಗಂಟೆ ಇಪ್ಪತ್ತೊಂದು ನಿಮಿಷದ ಸುಮಾರಿಗೆ ನಡೆಯುತ್ತದೆ. ನಮ್ಮ ದೇಶದ ಕಾಲಮಾನವು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿದ್ದು. ದಿಲ್ಲಿಯ ರೇಖಾಂಶ ಸುಮಾರು 77.2 ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಇಪ್ಪತ್ತೊಂದು ನಿಮಿಷವೇ ಬರುತ್ತದೆ. ಭೂಗೋಳದ ಪುಸ್ತಕದಲ್ಲಿ ಕಂಠಪಾಠ ಮಾಡಿದ ಪಾಠವನ್ನು ಹೀಗೆ ನಾಲ್ಕು ಚಿತ್ರಗಳಲ್ಲಿ ಹಿಡಿದು ತರಬಹುದು.

ಚಿತ್ರವು ಒಂದು ದಾಖಲೆ ಎಂಬುದನ್ನು ನಾವು ಮರೆಯುತ್ತೇವೆ. ಕಲ್ಲಿನ ಕಟ್ಟಡಗಳು ಶಾಶ್ವತವೆಂದು ಭಾವಿಸಿ, ಇಂದು ತೆಗೆಯದಿದ್ದರೆ ನಾಳೆ ತೆಗೆಯಬಹುದೆಂದುಕೊಳ್ಳುತ್ತೇವೆ. ದಿಲ್ಲಿಯಷ್ಟು ಈ ನಂಬಿಕೆಯನ್ನು ಸುಳ್ಳಾಗಿಸುವ ನಗರ ಇನ್ನೊಂದಿಲ್ಲ. 1857ರ ಹೋರಾಟದ ತರುವಾಯ ಕೆಂಪು ಕೋಟೆಯ ಒಳಗಿನ ಅರಮನೆಯ ಬಹುಭಾಗವನ್ನು ಆಂಗ್ಲರು ಕೆಡವಿ ಸೈನಿಕರ ವಸತಿಗಳನ್ನು ಕಟ್ಟಿದರು. 1858ರಲ್ಲಿ ಫೆಲಿಚೆ ಬಿಯಾಟೋ ಎಂಬ ಛಾಯಾಗ್ರಾಹಕನು ದಿಲ್ಲಿಗೆ ಬಂದು, ಫಿರಂಗಿಯ ಏಟು ತಿಂದ ಕಾಶ್ಮೀರ ದರವಾಜೆಯೇ ಮೊದಲಾದುವನ್ನು ಗಾಜಿನ ಫಲಕಗಳ ಮೇಲೆ ಹಿಡಿದನು. ಆಗಿನ ದಿಲ್ಲಿಯ ಮುಖ ಹೇಗಿತ್ತೆಂದು ಅರಿಯಬಯಸುವವರು ಇಂದು ಆ ಚಿತ್ರಗಳನ್ನು ನೋಡಬೇಕು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 1931ರಲ್ಲಿ ಉದ್ಘಾಟನೆಯಾದ 42 ಮೀಟರು ಎತ್ತರದ ಇಂಡಿಯಾ ಗೇಟಿನ ಕಮಾನಿನ ಕೆಳಗೆ 1972ರ ಜನವರಿ 26ರಿಂದ ಅಮರ ಜವಾನ್ ಜ್ಯೋತಿ ಉರಿಯುತ್ತಿತ್ತು. 2022ರ ಜನವರಿಯಲ್ಲಿ ಅದನ್ನು ಸಮೀಪದ ರಾಷ್ಟ್ರೀಯ ಸಮರ ಸ್ಮಾರಕದ ಜ್ಯೋತಿಯೊಡನೆ ಕೂಡಿಸಲಾಯಿತು. ಗೇಟಿನ ಪೂರ್ವಕ್ಕಿರುವ ಮಂಟಪದಲ್ಲಿ 1968ರ ವರೆಗೆ ಐದನೆಯ ಜಾರ್ಜ್ ದೊರೆಯ ಪ್ರತಿಮೆ ಇತ್ತು. ಬಳಿಕ ಬಹುಕಾಲ ಮಂಟಪ ಬರಿದಾಗಿತ್ತು. 2022ರ ಸೆಪ್ಟೆಂಬರಿನಿಂದ ಅಲ್ಲಿ ನೇತಾಜಿ ಸುಭಾಷಚಂದ್ರ ಬೋಸರ 28 ಅಡಿ ಎತ್ತರದ ಕಪ್ಪು ಶಿಲೆಯ ಪ್ರತಿಮೆ ನಿಂತಿದೆ. ಅದನ್ನು ಕಡೆದವರು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರೆಂದು ಕೇಳಿ ನಮ್ಮ ವಿದ್ಯಾರ್ಥಿಗಳು ಹಿಗ್ಗಿದುದು ಸಹಜವೇ. ಹೀಗೆ ಮಂಟಪದ ಚಿತ್ರವೊಂದನ್ನು ಕಂಡರೆ ಅದು ಯಾವ ಕಾಲದ್ದೆಂದು ಊಹಿಸಬಹುದು. ಆದುದರಿಂದ ಪ್ರತಿಯೊಂದು ಚಿತ್ರಕ್ಕೂ ತೆಗೆದ ದಿನ, ಸ್ಥಳ, ನಿಂತ ದಿಕ್ಕು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಗೇಟಿನ ಗೋಡೆಗಳಲ್ಲಿ 13 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕೆತ್ತಲಾಗಿದೆ. ದೂರದಿಂದ ಇಡೀ ಗೇಟನ್ನು ತೆಗೆದವನು ಕಟ್ಟಡವನ್ನು ಮಾತ್ರ ತಂದನು. ಆ ಹೆಸರುಗಳಲ್ಲೊಂದನ್ನಾದರೂ ಓದುವಂತೆ ತೆಗೆದವನು ಆ ಕಟ್ಟಡ ಏಕೆ ನಿಂತಿದೆಯೆಂಬುದನ್ನೂ ತಂದನು.

ಚಿತ್ರ ತೆಗೆಯುವುದರಲ್ಲಿಯೂ ಒಂದು ಸಭ್ಯತೆಯುಂಟು. ಜಾಮಾ ಮಸೀದಿಯಲ್ಲಿ ಪ್ರಾರ್ಥನೆ ಮಾಡುತ್ತಿರುವವರ ಮುಖಕ್ಕೆ ಕ್ಯಾಮರಾ ಹಿಡಿಯುವುದು, ರಾಜಘಾಟದಲ್ಲಿ ಬಾಪೂಜಿಯ ಸಮಾಧಿಯ ಮುಂದೆ ನಗುನಗುತ್ತ ನಾನಾ ಭಂಗಿಗಳಲ್ಲಿ ನಿಲ್ಲುವುದು ಸಲ್ಲದು. ಬೀದಿಯ ವ್ಯಾಪಾರಿಯ ಅಥವಾ ಕೂಲಿಯವನ ಚಿತ್ರ ಬೇಕಿದ್ದರೆ ಮೊದಲು ಅವನನ್ನು ಕೇಳಬೇಕು. ಬಡವನ ಮುಖ ಯಾರ ಸೊತ್ತೂ ಅಲ್ಲ, ಅವನದೇ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕ್ಯಾಮರಾ ನಿಲ್ಲಿಸುವ ಮುಕ್ಕಾಲಿಯನ್ನು ಬಳಸಲು ಅನುಮತಿ ಬೇಕು. ಕಾವಲಿನವರು ಬೇಡವೆಂದ ಕಡೆ ಕ್ಯಾಮರಾವನ್ನು ಜೇಬಿಗಿಳಿಸಬೇಕು. ಒಳ್ಳೆಯ ನೋಟಕ್ಕಾಗಿ ಗೋಡೆ ಹತ್ತುವುದು, ಹಿಂದೆ ನೋಡದೆ ಹಿಮ್ಮೆಟ್ಟುವುದು ಅಪಾಯ. ಮಿನಾರಿನ ಒಳಗಿನ ಮೆಟ್ಟಲುಗಳನ್ನು ಇಂದು ಯಾರಿಗೂ ಹತ್ತಗೊಡುವುದಿಲ್ಲ. 1981ರ ಡಿಸೆಂಬರ್ 4ರಂದು ಆ ಕತ್ತಲೆಯ ಮೆಟ್ಟಲುಗಳಲ್ಲಿ ನೂಕುನುಗ್ಗಲಾಗಿ 45 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ನಮ್ಮವರಂತೆಯೇ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು. ಮುಚ್ಚಿದ ಆ ಬಾಗಿಲನ್ನು ಕಂಡಾಗ ಮೇಲಿನಿಂದ ಚಿತ್ರ ತೆಗೆಯಲಾಗಲಿಲ್ಲವೆಂದು ಗೊಣಗುವ ಬದಲು ಒಂದು ಕ್ಷಣ ಮೌನವಾಗಿ ನಿಲ್ಲುವುದು ಲೇಸು.

ಕೊನೆಯದಾಗಿ, ಎಷ್ಟು ಚಿತ್ರಗಳು? ಭಾರತದ ಪ್ರಥಮ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಹೋಮಾಯಿ ವ್ಯಾರಾವಾಲಾ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರು. 1942ರಲ್ಲಿ ದಿಲ್ಲಿಗೆ ಹೋಗಿ ನೆಲಸಿದ ಅವರು, 1947ರ ಆಗಸ್ಟ್ 16ರಂದು ಕೆಂಪು ಕೋಟೆಯ ಮೇಲೆ ಮೊದಲ ಬಾರಿಗೆ ನಮ್ಮ ಧ್ವಜ ಏರಿದ ದೃಶ್ಯವನ್ನು ಚಿತ್ರದಲ್ಲಿ ಹಿಡಿದರು. ಅವರು ಬಳಸಿದ ರಾಲಿಫ್ಲೆಕ್ಸ್ ಮಾದರಿಯ ಕ್ಯಾಮರಾದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಹದಿಮೂರನೆಯದು ಬೇಕೆಂದರೆ ಸುರುಳಿ ಬದಲಿಸಬೇಕು. ಅಷ್ಟರಲ್ಲಿ ಆ ಗಳಿಗೆ ಜಾರಿಹೋಗಬಹುದು. ಆದುದರಿಂದ ಮೊದಲು ನೋಡುವುದು, ಆಮೇಲೆ ತೆಗೆಯುವುದು ಆ ಕಾಲದವರಿಗೆ ಅನಿವಾರ್ಯವಾಗಿತ್ತು. ನಮಗೆ ಅನಿವಾರ್ಯವಲ್ಲದುದನ್ನು ನಾವು ನಿಯಮವಾಗಿ ಮಾಡಿಕೊಳ್ಳಬೇಕು. ಮುಂದಿನ ಪ್ರವಾಸದಲ್ಲಿ ಪ್ರತಿಯೊಬ್ಬನೂ ದಿನಕ್ಕೆ ಹನ್ನೆರಡೇ ಚಿತ್ರಗಳನ್ನು ತೆಗೆಯಬೇಕು, ಒಂದೊಂದಕ್ಕೂ ಎರಡು ಸಾಲು ಬರೆಯಬೇಕು ಎಂದು ಗೊತ್ತುಮಾಡಿದ್ದೇವೆ. ಗೆಳೆಯರ ಗುಂಪಿನ ಚಿತ್ರವೊಂದು ಈ ಲೆಕ್ಕದಿಂದ ಹೊರಗು. ಅಷ್ಟು ದಯೆ ಇರಬೇಕಷ್ಟೆ.

ಆ ಹುಡುಗನ ಸಂಗತಿಯನ್ನು ಮುಗಿಸಿಬಿಡುತ್ತೇನೆ. ಅವನ ಚಿತ್ರಗಳಲ್ಲಿ ಉತ್ತರ ಸಿಗದಿದ್ದರೂ, ಸಹಪಾಠಿಯೊಬ್ಬಳು ದೂರದಿಂದ ತೆಗೆದ ಒಂದು ಚಿತ್ರದಲ್ಲಿ ಮಿನಾರಿನ ಬುಡದ ಬಳಿ ಒಬ್ಬ ಕಾವಲುಗಾರನು ನಿಂತಿದ್ದನು. ಅವಳಿಗೂ ಅದು ತಿಳಿದಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಬಿಟ್ಟು ಇಬ್ಬರೂ ಅಳತೆಪಟ್ಟಿ ಹಿಡಿದು ಅಳೆದರು. ಕಾವಲುಗಾರನು ನಾಲ್ಕು ಸೆಂಟಿಮೀಟರು. ಮಿನಾರು ನೂರ ಎಂಬತ್ತು. ಎಂದರೆ ಒಬ್ಬರ ಹೆಗಲ ಮೇಲೆ ಒಬ್ಬರಲ್ಲ, ಒಬ್ಬರ ನೆತ್ತಿಯ ಮೇಲೆ ಒಬ್ಬರಂತೆ ನಲ್ವತ್ತೈದು ಆಳುಗಳು ನಿಂತಷ್ಟು ಎತ್ತರ. ಹುಡುಗನು ಮನೆಗೆ ಹೋಗಿ ಅದನ್ನು ಹೇಳಿದನು. ಅದರ ಮೇಲೆ ತನ್ನದೇ ಒಂದು ಮಾತನ್ನೂ ಸೇರಿಸಿದನು: ನಮ್ಮ ಗೇಟ್‌ವೇ ಆಫ್ ಇಂಡಿಯಾದ ಎತ್ತರ 26 ಮೀಟರು, ಅಂತಹ ಮೂರನ್ನು ಒಂದರ ಮೇಲೊಂದು ಇಟ್ಟರೆ ಮಿನಾರಿಗಿಂತ ಸ್ವಲ್ಪವೇ ಹೆಚ್ಚು.

ತಂದೆ ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಈಗ ಕಂಡಿತು ಮಗಾ" ಎಂದರಂತೆ.

ಅವರು ಇನ್ನೂ ದಿಲ್ಲಿಗೆ ಹೋಗಿಲ್ಲ. ಆದರೆ ಮಿನಾರನ್ನು ನೋಡಿದ್ದಾರೆ.